ಯಂತ್ರದ ತೋಳಿಗೆ ಹೊದಿಕೆ ಹಾಕುವವರು, ಮನೆಯಲ್ಲಿ ಇನ್ಸುಲಿನ್ ಕೊಡುವವರು: ಆರೋಗ್ಯ ಇಲಾಖೆಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಸಚಿವರು, ಕೇರಳ ಸರಕಾರ
ಜಿಲ್ಲಾ ವೈದ್ಯಾಧಿಕಾರಿಗಳು ಹಾಗೂ ಜಿಲ್ಲಾ ಪಂಚಾಯತು ಅಧ್ಯಕ್ಷರು, ಕಾಸರಗೋಡು

ಮಾನ್ಯರೇ,

ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ನಲ್ಲಿ 2024ರ ಜನವರಿಯಲ್ಲಿ ರೋಬೋಟಿಕ್ ಶಸ್ತ್ರಚಿಕಿತ್ಸೆಯ ಘಟಕ ಉದ್ಘಾಟನೆಯಾಯಿತು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೂ ಯಂತ್ರ ಬಂದಿದೆ. ಕಾಸರಗೋಡಿಗೆ ಯಾವಾಗ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದದ್ದನ್ನೂ ಆಮೇಲಿನ ವರ್ಷಗಳನ್ನೂ ಕಂಡವರಿಗೆ ಅಂಥ ಪ್ರಶ್ನೆ ಕೇಳುವ ಉಮೇದು ಉಳಿದಿಲ್ಲ. ಆದರೆ ಯಂತ್ರ ಇಲ್ಲಿಗೆ ಬರದಿದ್ದರೂ ಅದರಡಿ ಮಲಗಿ ಎದ್ದ ರೋಗಿ ಇಲ್ಲಿಗೇ ಬರುತ್ತಾರೆ. ತಲಶ್ಶೇರಿಯಿಂದ ರೈಲು ಹತ್ತಿ, ಮಂಗಳೂರಿನಿಂದ ತಲಪಾಡಿ ದಾಟಿ, ಪೈವಳಿಕೆಗೋ ಎಣ್ಮಕಜೆಗೋ ಬೆಳ್ಳೂರಿಗೋ ದೇಲಂಪಾಡಿಗೋ. ಹೊಟ್ಟೆಯ ಮೇಲೆ ಐದಾರು ಸಣ್ಣ ಗಾಯ, ಕೈಯಲ್ಲಿ ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ, ಮೈಯಲ್ಲಿ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ.

ಆಪರೇಷನ್ ಥಿಯೇಟರಿನಲ್ಲಿ (ಓಟಿ) ರೋಬೋಟಿನ ಪಕ್ಕ ನಿಲ್ಲುವ ನರ್ಸ್ ಮತ್ತು ಹಾಸಿಗೆ ಹಿಡಿದವರ, ದೀರ್ಘ ಕಾಯಿಲೆಯವರ ಆರೈಕೆಗೆ ಪಂಚಾಯತಿನ ಪರವಾಗಿ ಮನೆಗೆ ಹೋಗುವ ಪಾಲಿಯೇಟಿವ್ ನರ್ಸ್ ಇಬ್ಬರೂ ಆರೈಕೆ ಮಾಡುವುದು ಒಬ್ಬರೇ ರೋಗಿಯನ್ನು. ಇಲಾಖೆಯ ಕಡತದಲ್ಲಿ ಮಾತ್ರ ಅವರಿಬ್ಬರೂ ಎರಡು ಲೋಕದವರು. ಇಬ್ಬರಿಗೂ ಏನೇನು ಮಾಡಲು ಬರಬೇಕು ಎಂದು ಬರೆದಿಡಿ, ಬರುತ್ತದೆಯೇ ಎಂದು ಕಣ್ಣಾರೆ ನೋಡಿ ಒಪ್ಪಿಗೆ ಕೊಡಿ, ಇಬ್ಬರ ನಡುವೆ ರೋಗಿಗೆ ಓದಲು ಬರುವ ಭಾಷೆಯ ಒಂದು ಕಾಗದ ಓಡಾಡಲಿ. ನಮ್ಮ ಬೇಡಿಕೆ ಇಷ್ಟೇ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ರೋಬೋಟ್ ಎಂದ ಕೂಡಲೇ ಯಂತ್ರ ತಾನಾಗಿ ಕೊಯ್ಯುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗೇನೂ ಇಲ್ಲ. ಸರ್ಜನ್ ಕೋಣೆಯ ಒಂದು ಮೂಲೆಯಲ್ಲಿ ಕನ್ಸೋಲಿನ ಮುಂದೆ ಕೂತು ಬೆರಳಾಡಿಸಿದಂತೆ ರೋಗಿಯ ಹೊಟ್ಟೆಯೊಳಗಿನ ಉಪಕರಣ ಆಡುತ್ತದೆ. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ ಡಾ ವಿಂಚಿಯೇ ಹೆಚ್ಚು ಬಳಕೆಯಲ್ಲಿರುವ ಯಂತ್ರ. ಗುರುಗ್ರಾಮದಲ್ಲಿ ತಯಾರಾಗುವ ಎಸ್‌ಎಸ್‌ಐ ಮಂತ್ರವೂ ಈಗ ಹಲವು ಕಡೆ ಇದೆ. ಡಾ ವಿಂಚಿ ಎಕ್ಸ್‌ಐಯಲ್ಲಿ ಒಂದೇ ಗಾಡಿಗೆ ನಾಲ್ಕು ತೋಳು, ಮಂತ್ರದಲ್ಲಿ ಒಂದೊಂದು ತೋಳಿಗೆ ಒಂದೊಂದು ಗಾಡಿ. ಗಾಡಿ ಎಲ್ಲಿ ನಿಲ್ಲಬೇಕು, ಕೇಬಲ್ ಎಲ್ಲಿ ಹಾಯಬೇಕು, ತುರ್ತಿಗೆ ಯಾವುದನ್ನು ಮೊದಲು ಎಳೆಯಬೇಕು ಎಂಬುದೆಲ್ಲ ಎರಡರಲ್ಲೂ ಬೇರೆ. ಒಂದರಲ್ಲಿ ಪಳಗಿದ ನರ್ಸನ್ನು ಇನ್ನೊಂದರ ಮುಂದೆ ನಿಲ್ಲಿಸಿ ‘ತರಬೇತಿ ಆಗಿದೆ’ ಎಂದು ಬರೆಯುವ ಹಾಗಿಲ್ಲ.

ಮುಖ್ಯ ಸಂಗತಿ ಬೇರೆಯೇ ಇದೆ. ಸರ್ಜನ್‌ಗೆ ಕಾಣುವುದು ಹೊಟ್ಟೆಯೊಳಗು ಮಾತ್ರ. ಕ್ಯಾಮೆರಾದ ತೋಳು ರೋಗಿಯ ಹಣೆಗೆ ತಾಗುತ್ತಿದೆಯೇ, ಮೊಣಕೈ ಮೇಜಿನ ಅಂಚಿಗೆ ಒತ್ತಿದೆಯೇ, ಮೈ ಜಾರುತ್ತಿದೆಯೇ ಎಂಬುದು ಕನ್ಸೋಲಿನಲ್ಲಿ ಕಾಣುವುದಿಲ್ಲ. ಬಹುತೇಕ ಯಂತ್ರಗಳಲ್ಲಿ ಸ್ಪರ್ಶದ ಅನುಭವವೂ ಬೆರಳಿಗೆ ಬರುವುದಿಲ್ಲ. ಹೊರಗಿನ ಕಣ್ಣು ಎಂದರೆ ಪಕ್ಕದಲ್ಲಿರುವ ಸಹಾಯಕ ವೈದ್ಯರು, ಅರಿವಳಿಕೆಯವರು, ಕೈ ಶುದ್ಧ ಮಾಡಿಕೊಂಡು ಉಪಕರಣ ಮುಟ್ಟುವ ಸ್ಕ್ರಬ್ ನರ್ಸ್, ಕೋಣೆಯಲ್ಲಿ ಓಡಾಡಿ ಮಿಕ್ಕದ್ದನ್ನು ನೋಡಿಕೊಳ್ಳುವ ಸರ್ಕ್ಯುಲೇಟಿಂಗ್ ನರ್ಸ್. ಮೂರು ಗಂಟೆ ಸುಮ್ಮನೆ ನಿಂತಂತೆ ಕಾಣುವ ಸರ್ಕ್ಯುಲೇಟಿಂಗ್ ನರ್ಸ್‌ನ ಕೆಲಸ ಅದೇ: ನೋಡುತ್ತಿರುವುದು, ಕಂಡದ್ದನ್ನು ಗಟ್ಟಿಯಾಗಿ ಹೇಳುವುದು. ಡಾ ವಿಂಚಿಯಂಥ ಯಂತ್ರದಲ್ಲಿ ಸರ್ಜನ್ ಕನ್ಸೋಲಿನೊಳಗೆ ಮುಖ ಇಟ್ಟಿರುವುದರಿಂದ ತಲೆಯಾಡಿಸಿದರೆ, ಕೈಸನ್ನೆ ಮಾಡಿದರೆ ಕಾಣದು. ‘ಎರಡನೇ ತೋಳಿನ ಕತ್ತರಿ ತೆಗೆಯುತ್ತಿದ್ದೇನೆ’ ಎಂದು ಒಬ್ಬರು ಹೇಳಬೇಕು, ‘ಎರಡನೇದು ತೆಗೆಯಿರಿ’ ಎಂದು ಉತ್ತರ ಬರಬೇಕು. ಅದು ಬಂದ ಮೇಲೆಯೇ ಕೈ ಹಾಕಬೇಕು. ಹಿರಿಯರ ಎದುರು ಬಾಯಿ ತೆರೆಯಬಾರದು ಎಂದು ಕಲಿಸಿ ಬೆಳೆಸಿದ ನರ್ಸಿಂಗ್ ವ್ಯವಸ್ಥೆಗೆ ಇದು ಅಷ್ಟು ಸುಲಭದ ಪಾಠವಲ್ಲ.

ಕೈಕೆಲಸಕ್ಕೆ ಬರೋಣ. ಯಂತ್ರ ಆನ್ ಆದಾಗ ಅದು ತನ್ನ ಕೀಲುಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಆಗ ತೋಳುಗಳನ್ನು ಮುಟ್ಟಬಾರದು. ಕನ್ಸೋಲ್, ರೋಗಿಯ ಗಾಡಿ, ಚಿತ್ರದ ಗಾಡಿ ಮೂರನ್ನೂ ಜೋಡಿಸುವ ಫೈಬರ್ ಕೇಬಲನ್ನು ತುಳಿದರೆ, ಬಿಗಿಯಾಗಿ ಮಡಚಿದರೆ ಚಿತ್ರವೇ ಹೋಗುತ್ತದೆ. ತೋಳುಗಳಿಗೆ ಕ್ರಿಮಿರಹಿತ ಹೊದಿಕೆ ಹಾಕಲು ಇಬ್ಬರು ಬೇಕು. ಶುದ್ಧ ಕೈಯವರು ಹೊದಿಕೆಯನ್ನು ತೋಳಿನ ಮೇಲೆ ಸರಿಸುತ್ತಾರೆ, ಇನ್ನೊಬ್ಬರು ಹಿಂದಿನಿಂದ ಅಂಚು ಹಿಡಿದು ಎಳೆಯುತ್ತಾರೆ. ಉಪಕರಣ ಕೂರುವ ಅಡಾಪ್ಟರ್ ಪೂರ್ತಿ ಕಚ್ಚಿಕೊಂಡಿತೇ ಎಂದು ನೋಡದೆ ಮುಂದೆ ಹೋದರೆ, ರೋಗಿಯ ಹೊಟ್ಟೆಗೆ ಗಾಳಿ ತುಂಬಿದ ಮೇಲೆ ‘ಉಪಕರಣ ಗುರುತಿಸಲಾಗಿಲ್ಲ’ ಎಂದು ಯಂತ್ರ ಮುಷ್ಕರ ಹೂಡುತ್ತದೆ. ಹೊದಿಕೆ ತೀರಾ ಬಿಗಿಯಾದರೆ ತೋಳು ಮಡಚುವಾಗ ಹರಿಯುತ್ತದೆ, ತೀರಾ ಸಡಿಲವಾದರೆ ಪಕ್ಕದ ತೋಳಿಗೆ ಸಿಕ್ಕಿಕೊಳ್ಳುತ್ತದೆ. ರೋಗಿ ಬರುವ ಎಷ್ಟೋ ಹೊತ್ತಿಗೆ ಮುಂಚೆ ಹೊದಿಸಿಟ್ಟರೆ ಓಡಾಡುವವರ ಮೈ ತಾಗಿ ಶುದ್ಧತೆ ಕೆಡುತ್ತದೆ.

ಎಕ್ಸ್‌ಐಯ ಕ್ಯಾನುಲಾ, ಅಂದರೆ ಉಪಕರಣ ಹೊಟ್ಟೆಯೊಳಗೆ ಹೋಗುವ ಕೊಳವೆ, 8 ಮಿಲಿಮೀಟರ್ ದಪ್ಪದ್ದು. ಅದರ ಮೇಲೆ ಎರಡು ತೆಳು ಗೆರೆಗಳ ನಡುವೆ ಒಂದು ದಪ್ಪ ಕಪ್ಪು ಪಟ್ಟಿ ಇರುತ್ತದೆ. ತೋಳು ಎಷ್ಟೇ ಹೊರಳಿದರೂ ಕದಲದ ಬಿಂದು ಅದು. ಆ ಪಟ್ಟಿ ಹೊಟ್ಟೆಯ ಗೋಡೆಯೊಳಗೆ ಇರಬೇಕು. ಕ್ಯಾನುಲಾ ಸ್ವಲ್ಪ ಹೊರಗೆ ಜಾರಿದರೆ ತಿರುಗುವ ಬಿಂದುವೂ ಹೊರಗೆ ಹೋಗಿ, ಪ್ರತಿ ಚಲನೆಗೂ ಸ್ನಾಯು ಹರಿಯುತ್ತದೆ. ರೋಗಿಗೆ ಆಮೇಲೆ ಆ ಒಂದು ಗಾಯದಲ್ಲಿ ಮಾತ್ರ ಯಾಕೆ ಇಷ್ಟು ನೋವು ಎಂದು ತಿಳಿಯುವುದಿಲ್ಲ. ವಿದ್ಯುತ್ತಿನಿಂದ ಕತ್ತರಿಸುವ ಮೊನೊಪೋಲಾರ್ ಕತ್ತರಿಯ ತುದಿಗೆ ಹಾಕುವ ರಬ್ಬರಿನಂಥ ಟೊಪ್ಪಿಯೂ ಹೀಗೆಯೇ, ಸಣ್ಣ ವಸ್ತು. ಸರಿಯಾಗಿ ಕೂರದಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕಿದ್ದರೆ ಅಲ್ಲಿಂದ ವಿದ್ಯುತ್ ಹಾರಿ ಪಕ್ಕದ ಕರುಳು ಸುಡುತ್ತದೆ. ಅದು ಪರದೆಯಲ್ಲಿ ಕಾಣದೆ, ಮೂರ್ನಾಲ್ಕು ದಿನ ಕಳೆದು ಜ್ವರ, ಹೊಟ್ಟೆನೋವಾಗಿ ಮನೆಯಲ್ಲಿ ಕಾಣಿಸಬಹುದು. ಆಗ ಮುಂದೆ ಇರುವವರು ಓಟಿ ನರ್ಸ್ ಅಲ್ಲ, ಪಂಚಾಯತಿನ ನರ್ಸ್. ಮೊದಲ ವಾರದಲ್ಲಿ ಹೊಟ್ಟೆನೋವು ಇಳಿಯುವ ಬದಲು ಏರಿದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬಾರದು ಎಂಬುದು ಅವರಿಗೆ ಗೊತ್ತಿರಬೇಕಾದ್ದು ಇದಕ್ಕೇ.

ಉಪಕರಣ ಹೊರತೆಗೆಯುವಾಗ ಅದರ ಮಣಿಕಟ್ಟು ನೆಟ್ಟಗಿರಬೇಕು, ಬಾಯಿ ಏನನ್ನೂ ಕಚ್ಚಿರಬಾರದು. ಪ್ರತಿ ಉಪಕರಣಕ್ಕೂ ಇಷ್ಟೇ ಸಲ ಎಂಬ ಆಯುಷ್ಯ ಇರುತ್ತದೆ, ಲೆಕ್ಕ ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿದೆ. ಕೊನೆಯ ಬಳಕೆ ಮುಗಿದ ಉಪಕರಣ ಟ್ರೇಯಲ್ಲಿ ಉಳಿದರೆ ಮರುದಿನದ ಶಸ್ತ್ರಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ತೊಳೆಯುವುದೂ ಸಾಮಾನ್ಯ ಕತ್ತರಿ ತೊಳೆದಂತೆ ಅಲ್ಲ. ಒಳಗೆ ತಂತಿಗಳಿರುವ ಉದ್ದ ಕೊಳವೆ ಅದು, ರಕ್ತ ಒಣಗುವ ಮೊದಲು ನೀರು ಹಾಯಿಸಬೇಕು, ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಿಣ್ವದ ದ್ರಾವಣದಲ್ಲಿ ನೆನೆಸಬೇಕು, ಪ್ರತಿ ರಂಧ್ರದಿಂದಲೂ ಹೊರಬರುವ ನೀರು ತಿಳಿಯಾಗಬೇಕು. ಈ ಕೆಲಸ ಮಾಡುವ, ಉಪಕರಣ ತೊಳೆದು ಕ್ರಿಮಿರಹಿತಗೊಳಿಸುವ ವಿಭಾಗದ (ಸಿಎಸ್‌ಎಸ್‌ಡಿ) ಸಿಬ್ಬಂದಿಯನ್ನು ತರಬೇತಿಯ ಪಟ್ಟಿಗೆ ಸೇರಿಸಲು ಎಲ್ಲರೂ ಮರೆಯುತ್ತಾರೆ.

ಇಷ್ಟು ಯಂತ್ರದ ಮಾತು. ನಮಗೆ ಹೆಚ್ಚು ಹೇಳಲಿರುವುದು ರೋಗಿಯನ್ನು ಮಲಗಿಸುವುದರ ಬಗ್ಗೆ. ರೋಬೋಟಿಕ್ ಶಸ್ತ್ರಚಿಕಿತ್ಸೆಯ ತೊಂದರೆಗಳಲ್ಲಿ ಎಷ್ಟೋ ಹುಟ್ಟುವುದು ಮಲಗಿಸಿದ ಭಂಗಿಗೆ ಹಳೆಯ ಕಾಯಿಲೆ ಕೂಡಿದಾಗ. ಪ್ರೊಸ್ಟೇಟ್, ಗರ್ಭಕೋಶ, ಗುದನಾಳದ ಶಸ್ತ್ರಚಿಕಿತ್ಸೆಗೆ ತಲೆ ಕೆಳಗೆ ಕಾಲು ಮೇಲೆ ಮಾಡಿ ಮೇಜನ್ನು 25ರಿಂದ 30 ಡಿಗ್ರಿ ವಾಲಿಸುತ್ತಾರೆ. ಹೊಟ್ಟೆಗೆ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಮೇಜಿನೊಂದಿಗೆ ಹೊಂದಿಕೊಂಡು ಚಲಿಸುವ ವಿಶೇಷ ವ್ಯವಸ್ಥೆ ಇಲ್ಲದಿದ್ದರೆ, ತೋಳುಗಳನ್ನು ಕ್ಯಾನುಲಾಗಳಿಗೆ ಜೋಡಿಸಿದ ಮೇಲೆ ಮೇಜನ್ನು ಒಂದಿಂಚೂ ಅಲುಗಿಸುವಂತಿಲ್ಲ. ಆಮೇಲೆ ಮೂರೋ ನಾಲ್ಕೋ ಗಂಟೆ, ರೋಗಿಯ ಮೈಯೆಲ್ಲ ಹೊದಿಕೆಯಡಿ.

ಈ ಭಂಗಿಯಲ್ಲಿ ಮೈ ತಲೆಯ ಕಡೆಗೆ ಜಾರುತ್ತದೆ. ಜಾರದಂತೆ ಬೆನ್ನಿನ ಬರಿ ಚರ್ಮಕ್ಕೆ ತಾಗುವಂತೆ ಜಾರುತಡೆ ಫೋಮ್ ಹಾಕಬೇಕು. ಭುಜಕ್ಕೆ ತಡೆಗೋಲು ಕೊಟ್ಟರೆ ಕೈಗೆ ಹೋಗುವ ನರಗಳ ಗುಂಪು ಅಲ್ಲೇ ಎಳೆದು ಜಜ್ಜುತ್ತದೆ, ಎಚ್ಚರವಾದ ಮೇಲೆ ಕೈ ಎತ್ತಲಾಗುವುದಿಲ್ಲ. ಕೈಗಳನ್ನು ಹೆಬ್ಬೆರಳು ಮೇಲೆ ಬರುವಂತೆ ಮೈಗೆ ಒತ್ತಿ ಇಟ್ಟು ಮೊಣಕೈಗೆ ಮೆತ್ತೆ ಕೊಡಬೇಕು. ಹೊದಿಕೆ ಹಾಕುವ ಮೊದಲೇ ಮೇಜನ್ನು ಪೂರ್ತಿ ವಾಲಿಸಿ ಒಂದು ಸಲ ಪರೀಕ್ಷೆ ಮಾಡಿ ನೋಡಬೇಕು. ಕಣ್ಣಿಗೆ ಟೇಪ್ ಹಚ್ಚಿ ಮೇಲೆ ರಕ್ಷೆ ಇಡಬೇಕು. ಹೊಟ್ಟೆಯ ಆಮ್ಲ ಬಾಯಿಂದ ಕಣ್ಣಿಗೆ ಇಳಿಯುವುದುಂಟು, ಅದಕ್ಕೇ ಮೂಗಿನ ಅಥವಾ ಬಾಯಿಯ ಟ್ಯೂಬಿನಿಂದ ಜಠರ ಖಾಲಿ ಮಾಡಿರಬೇಕು.

ಈಗ ಇದೇ ಮೇಜಿನ ಮೇಲೆ ನಮ್ಮ ಊರಿನ ರೋಗಿಗಳನ್ನು ಮಲಗಿಸಿ ನೋಡಿ. ಗ್ಲಾಕೋಮಾ ಇರುವವರಿಗೆ ತಲೆ ಕೆಳಗಾದಾಗ ಕಣ್ಣಿನ ಒತ್ತಡ ಏರುತ್ತದೆ; ಅವರು ಕಣ್ಣಿಗೆ ದಿನಾ ಹನಿ ಬಿಡುವುದನ್ನು ‘ಮದ್ದು’ ಎಂದು ಎಣಿಸದ ಕಾರಣ ಪಟ್ಟಿಯಲ್ಲಿ ಹೇಳಿರುವುದೇ ಇಲ್ಲ. ಬೀಡಿ ಸೇದಿ ದಮ್ಮು ಹಿಡಿದವರ ಶ್ವಾಸಕೋಶಕ್ಕೆ ಹೊಟ್ಟೆಯ ಗಾಳಿ ಕೆಳಗಿನಿಂದ ಒತ್ತುತ್ತದೆ, ರಕ್ತ ಸೇರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದೂ ಅವರಿಗೆ ಕಷ್ಟ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ನರ ಮೊದಲೇ ಸೊರಗಿರುತ್ತದೆ, ಬೇರೆಯವರು ತಡೆದುಕೊಳ್ಳುವ ಒತ್ತಡ ಅವರಲ್ಲಿ ಗಾಯವಾಗುತ್ತದೆ. ಎಚ್ಚರವಾದ ಮೇಲೂ ಅವರು ‘ನೋಯುತ್ತಿದೆ’ ಎನ್ನುವುದಿಲ್ಲ, ಹಾಗಾಗಿ ಹಿಮ್ಮಡಿಯನ್ನು ಎತ್ತಿ ಕಣ್ಣಿಂದಲೇ ನೋಡಬೇಕು. ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರ ಚರ್ಮ ಟೇಪ್ ತೆಗೆಯುವಾಗ ಟೇಪಿನ ಜೊತೆಗೇ ಬರುತ್ತದೆ.

ಡಯಾಲಿಸಿಸ್ ರೋಗಿಗಳ ವಿಷಯವನ್ನು ಪ್ರತ್ಯೇಕ ಹೇಳಬೇಕು. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಸೂಜಿ ಚುಚ್ಚಬಾರದು ಎಂದು ಎಲ್ಲ ನರ್ಸುಗಳಿಗೂ ಗೊತ್ತು. ಆದರೆ ರೋಬೋಟಿಕ್ ಮೇಜಿನಲ್ಲಿ ಎರಡೂ ಕೈ ಮೈಗೆ ಕಟ್ಟಿ ಹೊದಿಕೆಯಡಿ ಹೋಗುತ್ತವೆ. ಆ ಕೈ ಸ್ವಲ್ಪ ಬಿಗಿಯಾಗಿ ಸುತ್ತಿದ್ದರೆ, ಬಿಪಿಯೂ ಇಳಿದರೆ, ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಮುಚ್ಚಿಹೋಗಬಹುದು. ಕಟ್ಟುವ ಮೊದಲು ಬೆರಳಿಟ್ಟು ಆ ಝರಿಯಂಥ ಮಿಡಿತ ನೋಡಿ ಬರೆಯಬೇಕು, ಬಿಚ್ಚಿದ ಕೂಡಲೇ ಮತ್ತೆ ನೋಡಿ ಬರೆಯಬೇಕು. ಒಂದು ನಿಮಿಷದ ಕೆಲಸ, ತಪ್ಪಿದರೆ ರೋಗಿ ಹೊಸ ಫಿಸ್ಟುಲಾಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಎಂಡೋಸಲ್ಫಾನ್ ಕೀಟನಾಶಕದ ಬಾಧಿತರೆಂದು ಪಟ್ಟಿಯಲ್ಲಿರುವ ಎಷ್ಟೋ ಮಂದಿ ಈಗ ಮಕ್ಕಳಲ್ಲ, ನಡುವಯಸ್ಸಿನತ್ತ ಬಂದಿದ್ದಾರೆ. ಅವರಲ್ಲಿ ಕೈಕಾಲು ಸೆಟೆದವರಿದ್ದಾರೆ, ಅಪಸ್ಮಾರ ಇರುವವರಿದ್ದಾರೆ, ಮಾತು ಬಾರದವರಿದ್ದಾರೆ. ಸೊಂಟ, ಮೊಣಕಾಲು ಎಲ್ಲಿಯವರೆಗೆ ಮಡಚುತ್ತದೆ ಎಂದು ಎಚ್ಚರದಲ್ಲಿರುವಾಗಲೇ ಹಿಂದಿನ ದಿನ ನೋಡಿ ಬರೆದಿಡದಿದ್ದರೆ, ಅರಿವಳಿಕೆ ಕೊಟ್ಟ ಮೇಲೆ ಸಡಿಲಾದ ಕಾಲನ್ನು ಬೇಕಾದಂತೆ ಎತ್ತಿ ಕಟ್ಟಿಬಿಡುತ್ತಾರೆ. ಮಾತು ಬಾರದವರಿಗೆ ನೋವಾದಾಗ ಮುಖ ಹೇಗಾಗುತ್ತದೆ, ಯಾವ ಸದ್ದು ಮಾಡುತ್ತಾರೆ ಎಂಬುದು ಅಮ್ಮನಿಗೆ ಗೊತ್ತು, ಆಮೇಲೆ ಮನೆಗೆ ಹೋಗುವ ನರ್ಸ್‌ಗೆ ಗೊತ್ತು. ಓಟಿಗೆ ಅದನ್ನು ತಿಳಿಸುವ ದಾರಿ ಸದ್ಯ ಇಲ್ಲ.

ತುರ್ತಿನಲ್ಲಿ ತೋಳು ಬಿಡಿಸುವ ಅಭ್ಯಾಸವನ್ನು ನಾವು ಎಲ್ಲಕ್ಕಿಂತ ಮೊದಲು ಪರೀಕ್ಷಿಸಲು ಹೇಳುತ್ತೇವೆ. ದೊಡ್ಡ ರಕ್ತನಾಳ ಹರಿಯಿತು ಅಥವಾ ಹೃದಯ ನಿಂತಿತು ಎನ್ನಿ. ತೋಳುಗಳು ಹೊಟ್ಟೆಯೊಳಗಿರುವಾಗ ಎದೆ ಒತ್ತಲು ಜಾಗವಿಲ್ಲ, ಮೇಜು ಇಳಿಸಲಾಗದು. ಸಹಾಯಕರು ಉಪಕರಣಗಳ ಬಾಯಿ ತೆರೆದಿದೆ ಎಂದು ನೋಡಿ ಹೊರತೆಗೆಯುತ್ತಾರೆ, ಕ್ಯಾಮೆರಾ ಕೊನೆಗೆ. ಸ್ಕ್ರಬ್ ನರ್ಸ್ ತೋಳುಗಳನ್ನು ಕ್ಯಾನುಲಾದಿಂದ ಬಿಡಿಸುತ್ತಾರೆ, ಸರ್ಕ್ಯುಲೇಟಿಂಗ್ ನರ್ಸ್ ಗಾಡಿ ಹಿಂದೆ ಎಳೆಯುತ್ತಾರೆ, ಅರಿವಳಿಕೆಯವರು ಮೇಜನ್ನು ಮಟ್ಟ ಮಾಡುತ್ತಾರೆ. ಯಂತ್ರವೇ ಸ್ತಬ್ಧವಾಗಿ ಉಪಕರಣದ ಬಾಯಿ ಅಂಗವನ್ನು ಕಚ್ಚಿಹಿಡಿದಿದ್ದರೆ ಕೈಯಿಂದ ತಿರುಗಿಸಿ ಬಿಡಿಸುವ ಒಂದು ಸಣ್ಣ ಕೀಲಿ ಇದೆ. ಅದು ಎಲ್ಲಿದೆ ಎಂದು ಕೇಳಿದಾಗ ನಾಲ್ಕು ಜನ ನಾಲ್ಕು ಕಪಾಟಿನತ್ತ ಕೈ ತೋರಿಸಿದರೆ ಆ ಓಟಿ ಇನ್ನೂ ಸಿದ್ಧವಾಗಿಲ್ಲ. ಹೊಟ್ಟೆ ತೆರೆಯುವ ಟ್ರೇಯನ್ನು ಎಣಿಸಿ ಅದೇ ಕೋಣೆಯಲ್ಲಿ ಇಟ್ಟಿರಬೇಕು. ಗಡಿಯಾರ ಹಿಡಿದು, ಖಾಲಿ ಮೇಜಿನ ಮೇಲೆ, ಪ್ರತಿ ಮೂರು ತಿಂಗಳಿಗೊಮ್ಮೆ ಈ ಅಭ್ಯಾಸ ಆಗಲಿ. ಒಂದು ನಿಮಿಷದ ಗುರಿ ಇಟ್ಟುಕೊಳ್ಳಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರೆಂಟು ಹೋಗುವುದು ವಿಶೇಷವೇನಲ್ಲ. ಬ್ಯಾಟರಿಗೆ ಬದಲಾದಾಗ ಯಂತ್ರ ಏನು ತೋರಿಸುತ್ತದೆ ಎಂಬುದನ್ನೂ ಅದೇ ದಿನ ನೋಡಿಬಿಡಲಿ.

ಇನ್ನು ಓಟಿಯ ಹೊರಗೆ. ಶಸ್ತ್ರಚಿಕಿತ್ಸೆಯ ತಯಾರಿ ಶುರುವಾಗುವುದು ರೋಗಿಯ ಮನೆಯ ಮದ್ದಿನ ಡಬ್ಬಿಯಿಂದ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಗುಳಿಗೆಗಳು ಈಗ ಹಳ್ಳಿಯ ಮೆಡಿಕಲ್‌ನಲ್ಲೂ ಸಿಗುತ್ತವೆ, ಹೃದಯಕ್ಕೂ ಮೂತ್ರಪಿಂಡಕ್ಕೂ ಬರೆಯುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಗೆ 3 ದಿನ ಮೊದಲೇ ಇವನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಉಪವಾಸದಲ್ಲಿ ರಕ್ತಕ್ಕೆ ಕೀಟೋನ್ ಏರಿ ಆಮ್ಲವಾಗುತ್ತದೆ, ಮೀಟರಿನಲ್ಲಿ ಸಕ್ಕರೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ವಾಂತಿ, ಸುಸ್ತು, ಏದುಸಿರು ಇದ್ದರೆ ಮೀಟರನ್ನು ನಂಬಿ ಕೂರಬಾರದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿದವರ ಕ್ಲೋಪಿಡೋಗ್ರೆಲನ್ನು ಹೃದಯದ ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬಾರದು. ಅಪಸ್ಮಾರದ ಗುಳಿಗೆಯಂತೂ ಉಪವಾಸದ ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ಹೋಗಬೇಕು. ‘ಏನೂ ತಿನ್ನಬೇಡಿ, ಕುಡಿಯಬೇಡಿ’ ಎಂದು ಸಾರಾಸಗಟಾಗಿ ಹೇಳಿ ಕಳಿಸಿದರೆ ಅದನ್ನೂ ಬಿಟ್ಟು ಬರುತ್ತಾರೆ.

ಇಲ್ಲಿಯೇ ಭಾಷೆ ಮದ್ದಿನಷ್ಟೇ ಮುಖ್ಯವಾಗುವುದು. ‘ಇನ್ನ್ ಗುಳಿಗ ಕಳಿಕ್ಕೇಂಡ’ ಎಂದು ಮಲಯಾಳದಲ್ಲಿ ಹೇಳಿದರೆ ‘ಇವತ್ತು ಗುಳಿಗೆ ಬೇಡ’ ಎಂದರ್ಥ. ಕನ್ನಡದ ಕಿವಿಗೆ ಅದು ‘ಇನ್ನು ಗುಳಿಗೆ ಬೇಡ’ ಎಂದು, ಅಂದರೆ ಇನ್ನು ಮೇಲೆ ಬೇಡವೇ ಬೇಡ ಎಂದು ಕೇಳಿಸಬಹುದು. ಬಿಪಿ ಗುಳಿಗೆ ಶಾಶ್ವತವಾಗಿ ನಿಲ್ಲಲು ಇಷ್ಟು ಸಾಕು. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೊಗಳಿಸಿಕೊಳ್ಳುವ ಊರು ನಮ್ಮದು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ ಆಡುವ ಹಿರಿಯರಲ್ಲಿ ಹೆಚ್ಚಿನವರು ಓದಬಲ್ಲದ್ದು ಕನ್ನಡ ಲಿಪಿಯನ್ನು. ಮಲಯಾಳ ಮಾತು ಅರ್ಥವಾದರೂ ಮಲಯಾಳದ ಚೀಟಿ ಅವರ ಪಾಲಿಗೆ ಖಾಲಿ ಕಾಗದ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಕಾಸರಗೋಡಿನ ಕ್ಲರ್ಕ್ ನೇಮಕಾತಿಯಲ್ಲಿ ‘ಕನ್ನಡ ಮತ್ತು ಮಲಯಾಳ ಬಲ್ಲವರು’ ಎಂಬ ಪ್ರತ್ಯೇಕ ವರ್ಗವನ್ನು ಲೋಕಸೇವಾ ಆಯೋಗವಾದ ಪಿಎಸ್‌ಸಿ ಇಟ್ಟಿದೆ. ಭೂಕಂದಾಯದ ರಶೀದಿಗೆ ಬೇಕಾದ ಭಾಷೆ ಇನ್ಸುಲಿನಿಗೂ ಬೇಕು.

ಹೇಳಿದ್ದು ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ‘ಆಯಿತು’ ಎನ್ನುತ್ತಾರೆ, ಸಿಸ್ಟರಿಗೆ ಬೇಸರವಾಗಬಾರದಲ್ಲ. ‘ಮನೆಗೆ ಹೋಗಿ ಹೆಂಡತಿಗೆ ಹೇಗೆ ಹೇಳುತ್ತೀರಿ, ಒಮ್ಮೆ ನನಗೆ ಹೇಳಿ ನೋಡುವ’ ಎಂದು ಕೇಳಬೇಕು. ತಪ್ಪು ಅಲ್ಲಿ ಹೊರಬೀಳುತ್ತದೆ. ನರ್ಸಿಂಗ್ ಪಠ್ಯದಲ್ಲಿ ಇದು ಇದೆ, ವಾರ್ಡಿನಲ್ಲಿ ಇದಕ್ಕೆ ಸಮಯ ಇಲ್ಲ.

ರೋಗಿ ಮನೆಗೆ ಬಂದ ಮೇಲೆ ಪಾಲಿಯೇಟಿವ್ ನರ್ಸ್‌ಗೆ ಹೊಸದಾಗಿ ಬೇಕಾದ ತಿಳಿವಳಿಕೆ ಕೆಲವಿದೆ. ಅದರಲ್ಲಿ ಒಂದಂತೂ ಅವರ ಇಷ್ಟು ವರ್ಷದ ಅಭ್ಯಾಸಕ್ಕೇ ವಿರುದ್ಧ. ಹಾಸಿಗೆ ಹಿಡಿದವರ ಮೂತ್ರದ ಟ್ಯೂಬು ಕಟ್ಟಿಕೊಂಡರೆ ಅವರು ಅದನ್ನು ತೆಗೆದು ಬೇರೆ ಹಾಕುತ್ತಾರೆ, ಅದರಲ್ಲಿ ಅವರು ನಿಪುಣರು. ಪ್ರೊಸ್ಟೇಟ್ ತೆಗೆದವರಲ್ಲಿ ಹಾಗೆ ಮಾಡಲೇಬಾರದು. ಮೂತ್ರಕೋಶವನ್ನೂ ಮೂತ್ರನಾಳವನ್ನೂ ಹೊಸದಾಗಿ ಹೊಲಿದಿರುತ್ತಾರೆ, ಟ್ಯೂಬು ಆ ಹೊಲಿಗೆಯ ನಡುವೆ ಹಾದಿದೆ. ಕಣ್ಣಿಗೆ ಕಾಣದೆ ಹೊಸ ಟ್ಯೂಬು ತೂರಿಸಿದರೆ ಹೊಲಿಗೆ ಬಿಚ್ಚುತ್ತದೆ. ಸಾಮಾನ್ಯವಾಗಿ 7ರಿಂದ 10 ದಿನ ಆ ಟ್ಯೂಬು ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ, ಜಾರಿ ಬಿದ್ದರೆ, ಶಸ್ತ್ರಚಿಕಿತ್ಸೆ ಮಾಡಿದವರಿಗೆ ಫೋನು ಮಾಡಬೇಕು. ಆ ಫೋನ್ ನಂಬರು ಸಮ್ಮರಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಇರಬೇಕು. ಚೀಲ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಮಂಚದ ಪಟ್ಟಿಗೆ ಕಟ್ಟಿರಲಿ. ಟ್ಯೂಬನ್ನು ತೊಡೆಗೆ ಅಂಟಿಸಿರಲಿ. ಮೂತ್ರ ಬಿಗಿಹಿಡಿಯುವ ವ್ಯಾಯಾಮ ಟ್ಯೂಬು ತೆಗೆದ ಮೇಲೆ ಶುರು, ಮೊದಲಲ್ಲ.

ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ಕೆಲವರಿಗೆ ಎನಾಕ್ಸಪರಿನ್ ಇಂಜೆಕ್ಷನ್ 4 ವಾರದವರೆಗೆ ಇರುತ್ತದೆ. ತುಂಬಿಸಿಯೇ ಬರುವ ಸಿರಿಂಜಿನ ಗಾಳಿಗುಳ್ಳೆಯನ್ನು ಹೊರಹಾಕಬಾರದು, ಚುಚ್ಚಿದ ಜಾಗ ಉಜ್ಜಬಾರದು, ಹೊಕ್ಕುಳದಿಂದಲೂ ಗಾಯಗಳಿಂದಲೂ ದೂರ, ಒಂದು ದಿನ ಎಡ ಒಂದು ದಿನ ಬಲ. ಕಾಲಿನ ಮೀನಖಂಡ ಗಟ್ಟಿಯಾಗಿ ಸಹಿಸಲಾರದ ನೋವಿದ್ದರೆ ಎಣ್ಣೆ ಹಚ್ಚಿ ತಿಕ್ಕಲು ಬಿಡಬಾರದು.

ಇನ್ಸುಲಿನಿನಲ್ಲಿ ಅಪಾಯ ಇರುವುದು ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ನಡುವಿನ ಗಡಿಯಲ್ಲಿ. ಸರಕಾರಿ ಆಸ್ಪತ್ರೆಯ ಬಾಟಲಿ ಮಿಲಿಲೀಟರಿಗೆ 40 ಯೂನಿಟ್ ಇರುವಂಥದ್ದು, ಅದರ ಸಿರಿಂಜಿಗೆ ಕೆಂಪು ಟೊಪ್ಪಿ. ಖಾಸಗಿಯಲ್ಲಿ ಬರೆಯುವ ಪೆನ್ನಿನ ಕಾರ್ಟ್ರಿಜ್ ಮಿಲಿಲೀಟರಿಗೆ 100 ಯೂನಿಟ್. ಪೆನ್ನು ಹಾಳಾಯಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಟೊಪ್ಪಿಯ ಸಿರಿಂಜಿಗೆ ‘10’ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಸಕ್ಕರೆ 70ಕ್ಕಿಂತ ಇಳಿದು ಬೆವರು, ನಡುಕ ಬಂದರೆ ಎಚ್ಚರವಿರುವಾಗಲೇ 3 ಚಮಚ ಸಕ್ಕರೆ ನೀರಿಗೆ ಹಾಕಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು, ಬೆಲ್ಲದ ನೀರನ್ನೂ.

ಪಥ್ಯವನ್ನು ಆಸ್ಪತ್ರೆಯ ಮುದ್ರಿತ ಹಾಳೆಯಿಂದ ಹೇಳಿದರೆ ಓಟ್ಸ್, ಬ್ರೌನ್ ಬ್ರೆಡ್ ಎಂದಿರುತ್ತದೆ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಣಮೀನು. ಗಂಜಿ ಬೇಡ ಎನ್ನುವುದಕ್ಕಿಂತ ಬಟ್ಟಲು ಸಣ್ಣದಿರಲಿ, ಪಲ್ಯ ಹೆಚ್ಚಿರಲಿ, ಉಪ್ಪಿನಕಾಯಿ ನಾಲಗೆಗೆ ತಾಗಿಸುವಷ್ಟಿರಲಿ ಎಂದರೆ ನಡೆಯುತ್ತದೆ. ಮೂತ್ರಪಿಂಡ ಸೋತವರಿಗೆ ಶಸ್ತ್ರಚಿಕಿತ್ಸೆಯಾಗಿ ಬಂದರೆಂದು ಪ್ರೀತಿಯಿಂದ ಎಳನೀರು ಕೊಡುತ್ತಾರೆ. ಅದರ ಪೊಟ್ಯಾಸಿಯಂ ಹೃದಯದ ಬಡಿತ ಕೆಡಿಸುತ್ತದೆ. ದಾರೆಹುಳಿ ಅವರಿಗೆ ವಿಷ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿಯ ರಸ ಕುಡಿಯುವುದಂತೂ ಆಕ್ಸಲೇಟಿನಿಂದ ಒಳ್ಳೆಯ ಮೂತ್ರಪಿಂಡವನ್ನೂ ಕೆಡಿಸೀತು. ಇವು ಯಾವುದೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರುವುದಿಲ್ಲ, ತೋಟದಲ್ಲಿ ಇರುತ್ತವೆ.

ಆದ್ದರಿಂದ ನಾವು ಕೇಳುವುದು ಇವು. ರೋಬೋಟಿಕ್ ಓಟಿಗೆ ನರ್ಸುಗಳ ಒಂದು ಸ್ಥಿರ ತಂಡ ಇರಲಿ. ಮೂರು ತಿಂಗಳಿಗೊಮ್ಮೆ ಬೇರೆ ವಾರ್ಡಿಗೆ ವರ್ಗ ಮಾಡುವ ಪದ್ಧತಿ ಅಲ್ಲಿ ಬೇಡ. ಕಂಪನಿ ಕೊಡುವ ಒಂದೆರಡು ದಿನದ ಪ್ರಮಾಣಪತ್ರವನ್ನು ಆರಂಭ ಎಂದಷ್ಟೇ ಎಣಿಸಿ. ಮೊದಲು 10 ಶಸ್ತ್ರಚಿಕಿತ್ಸೆ ನೋಡಿ, ನಂತರ 20ರಲ್ಲಿ ಹಿರಿಯರ ಪಕ್ಕ ನಿಂತು ಮಾಡಿ, ಹೊದಿಕೆ, ಜೋಡಣೆ, ಮಲಗಿಸುವಿಕೆ, ಎಣಿಕೆ, ತುರ್ತು ಬಿಡಿಸುವಿಕೆ ಒಂದೊಂದನ್ನೂ ನೋಡಿದವರ ಸಹಿಯೊಂದಿಗೆ ದಾಖಲಿಸುವ ಪುಸ್ತಕ ಇರಲಿ. ಸಂಖ್ಯೆ ನಮ್ಮ ಸಲಹೆ, ಹೆಚ್ಚುಕಡಿಮೆ ಮಾಡಬಹುದು. ಸಹಿ ಹಾಕುವವರು ನಿಜಕ್ಕೂ ನೋಡಿರಬೇಕು ಎಂಬುದರಲ್ಲಿ ಮಾತ್ರ ಸಡಿಲಿಕೆ ಬೇಡ. ವರ್ಷಕ್ಕೆರಡು ಸಲ ಪಂಚಾಯತಿನ ಪಾಲಿಯೇಟಿವ್ ನರ್ಸುಗಳಿಗೆ ಆ ಓಟಿಯ ಗಾಜಿನ ಹಿಂದೆ ಒಂದು ದಿನ ನಿಲ್ಲುವ ಅವಕಾಶ ಕೊಡಿ, ಓಟಿ ನರ್ಸುಗಳನ್ನು ಒಂದು ದಿನ ಮನೆ ಭೇಟಿಗೆ ಕಳಿಸಿ. 2008ರಲ್ಲಿ ದೇಶದಲ್ಲೇ ಮೊದಲು ಪಾಲಿಯೇಟಿವ್ ನೀತಿ ತಂದ ರಾಜ್ಯಕ್ಕೆ ಇದು ದೊಡ್ಡ ಖರ್ಚಲ್ಲ.

ಎರಡು ಪುಟದ ಹಾಳೆ ಒಂದನ್ನು ಜಾರಿಗೆ ತನ್ನಿ, ಒಂದು ಮಗ್ಗುಲಲ್ಲಿ ಮಲಯಾಳ, ಇನ್ನೊಂದರಲ್ಲಿ ಕನ್ನಡ. ಹೋಗುವಾಗ ಮನೆಯ ನರ್ಸ್ ತುಂಬಬೇಕಾದ್ದು: ಎಲ್ಲ ಮದ್ದು, ಕಣ್ಣಿನ ಹನಿ ಸೇರಿ, ಫಿಸ್ಟುಲಾ ಯಾವ ಕೈ, ಮರಗಟ್ಟಿದ ಜಾಗ, ಕೀಲು ಎಷ್ಟು ಮಡಚುತ್ತದೆ, ರೋಗಿ ನೋವನ್ನು ಹೇಗೆ ತೋರಿಸುತ್ತಾರೆ, ಯಾವ ಭಾಷೆ ಓದುತ್ತಾರೆ. ಬರುವಾಗ ಆಸ್ಪತ್ರೆಯ ನರ್ಸ್ ತುಂಬಬೇಕಾದ್ದು: ಎಷ್ಟು ಗಂಟೆ ಯಾವ ಭಂಗಿ, ಟ್ಯೂಬು ಯಾವಾಗ ತೆಗೆಯಬೇಕು, ಯಾರು ಮುಟ್ಟಬಾರದು, ಯಾವ ಮದ್ದು ನಿಂತಿದೆ, ಯಾವ ದಿನದಿಂದ ಮತ್ತೆ ಶುರು, ಇನ್ಸುಲಿನ್ 40ರದ್ದೋ 100ರದ್ದೋ, ರಾತ್ರಿ ಎತ್ತುವ ಫೋನ್ ನಂಬರು. ಡಿಸ್ಚಾರ್ಜ್ ಆದ 48 ಗಂಟೆಯೊಳಗೆ ಮನೆಯ ನರ್ಸ್‌ನ ಒಂದು ಫೋನು ಅಥವಾ ಭೇಟಿ ಆಗಲಿ. ಮಂಗಳೂರಿನ ಆಸ್ಪತ್ರೆಗಳಿಗೆ ನಿಮ್ಮ ಆದೇಶ ನಡೆಯುವುದಿಲ್ಲ, ನಿಜ. ಆದರೆ ಹಾಳೆ ರೋಗಿಯ ಕೈಯಲ್ಲಿರುತ್ತದೆ, ಅದನ್ನು ತುಂಬಿಕೊಡಿ ಎಂದು ಅಲ್ಲಿನ ನರ್ಸನ್ನು ಕೇಳಲು ಆದೇಶ ಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿ, ವಿಷಯ ಹೈಕೋರ್ಟಿಗೆ ಹೋದ ದಿನಗಳಲ್ಲಿ, ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದವರು ಈಚೆ ಬದಿಯ ಆಸ್ಪತ್ರೆಗಳಿಗೆ ಹೋಗಬೇಕಾಯಿತು. ಅಂಥ ಹೊತ್ತಿನಲ್ಲಿ ಹಿಂದಿನ ಚಿಕಿತ್ಸೆಯ ವಿವರ ಹೇಳಲು ರೋಗಿಯ ಕೈಯಲ್ಲಿರುವ ಕಾಗದವೊಂದೇ ಉಳಿಯುತ್ತದೆ.

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಪ್ರತಿ ಪಾಳಿಗೂ ಕನ್ನಡ ಓದಿ ಬರೆಯಬಲ್ಲ ಒಬ್ಬರಾದರೂ ನರ್ಸ್ ಇರುವಂತೆ ನೋಡಿಕೊಳ್ಳಿ. ಬೇರೆ ಜಿಲ್ಲೆಗಳಿಂದ ಬಂದು ಇಲ್ಲಿ ದುಡಿಯುವ ಮಲಯಾಳಿ ಸಹೋದ್ಯೋಗಿಗಳ ಮೇಲೆ ನಮ್ಮ ದೂರೇನಿಲ್ಲ. ಅವರಲ್ಲಿ ಎಷ್ಟೋ ಮಂದಿ ವಾರ್ಡಿನಲ್ಲಿಯೇ ತುಳು ಕಲಿತಿದ್ದಾರೆ. ಅವರಿಗೆ 30 ಗಂಟೆಯ ಆಡುಗನ್ನಡ ತರಗತಿಯನ್ನು ಕೆಲಸದ ಅವಧಿಯಲ್ಲೇ ಕೊಡಿ. ನೋವು, ಮದ್ದು, ಮಲ, ಮೂತ್ರ, ಇವತ್ತು, ನಾಳೆ, ಇನ್ನು ಮೇಲೆ ಎಂಬಷ್ಟು ಮಾತು ಬಂದರೆ ಅರ್ಧ ತಪ್ಪು ತಪ್ಪುತ್ತದೆ. ಪಾಠ ಮಾಡಲು ನಾವು ಸಿದ್ಧರಿದ್ದೇವೆ.

ಎರಡು ಪುಟದ ಹಾಳೆಯ ಕರಡನ್ನು, ಈ ಪತ್ರದ ಮಲಯಾಳ ಪ್ರತಿಯನ್ನು ಜೊತೆಗೆ ಇಟ್ಟಿದ್ದೇವೆ. ಕರಡಿನಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿ.

ಇತಿ,
ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಬಲ್ಲ ನರ್ಸುಗಳು ಮತ್ತು ನರ್ಸಿಂಗ್ ಅಧ್ಯಾಪಕರು